ರಾಯಚೂರು ಸೀಮೆಯ ಭಾಷಾಪ್ರಶ್ನೆ: ಬೆಲ್ಜಿಯಂ ದೇಶದ ಇತಿಹಾಸದೊಡನೆ ಒಂದು ತುಲನೆ

ರಾಯಚೂರಿನಿಂದ ಉತ್ತರಾಭಿಮುಖವಾಗಿ ಹೊರಟ ರೈಲು ದೇವಸುಗೂರಿನ ಬಳಿ ಕೃಷ್ಣಾ ನದಿಯನ್ನು ದಾಟಿದೊಡನೆ ಕರ್ನಾಟಕವನ್ನು ಬಿಟ್ಟು ತೆಲಂಗಾಣವನ್ನು ಪ್ರವೇಶಿಸುತ್ತದೆ. ಕೃಷ್ಣಾ ಎಂಬ ಹೆಸರಿನ ನಿಲ್ದಾಣವನ್ನು ಹಾದು ಕೆಲವು ಮೈಲಿ ಸಾಗಿದ ಮೇಲೆ ಮತ್ತೆ ಕರ್ನಾಟಕದ ಯಾದಗಿರಿ ಜಿಲ್ಲೆಯನ್ನು ಸೇರುತ್ತದೆ. ಪ್ರಯಾಣಿಕನ ಕಣ್ಣಿಗೆ ಈ ಎರಡು ಗಡಿಗಳೂ ಬೀಳುವುದಿಲ್ಲ. ಮಣ್ಣು ಬದಲಾಗದು, ಬೆಳೆ ಬದಲಾಗದು. ಜನರ ಮಾತೂ ಗಡಿಯ ಗೆರೆಯನ್ನು ನೋಡಿಕೊಂಡು ಬದಲಾಗುವುದಿಲ್ಲ. 1956ರ ಅಕ್ಟೋಬರ್ 31ರವರೆಗೆ ನದಿಯ ಎರಡು ದಡಗಳೂ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು. ಆ ಕಾಲದಲ್ಲಿ ಇಲ್ಲಿ ಇದ್ದುದು ರಾಯಚೂರು, ಮಹಬೂಬನಗರ ಎಂಬ ಎರಡು ಜಿಲ್ಲೆಗಳ ನಡುವಣ ಮೇರೆ. ಮರುದಿನ ಬೆಳಗಾಗುವಾಗ ಅದೇ ಮೇರೆಯು ಎರಡು ಭಾಷಾರಾಜ್ಯಗಳ ಗಡಿಯಾಗಿ ಪರಿಣಮಿಸಿತು.

ಕರ್ನಾಟಕದಲ್ಲಿ ಭಾಷಾವಿವಾದದ ಮಾತು ಬಂದಾಗಲೆಲ್ಲ ನಮ್ಮ ವಿದ್ವಾಂಸರ ಲಕ್ಷ್ಯವು ಸಹಜವಾಗಿ ಬೆಳಗಾವಿಯ ಕಡೆಗೋ ಕಾಸರಗೋಡಿನ ಕಡೆಗೋ ಹರಿಯುತ್ತದೆ. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವೂ ಅದರ 1967ರ ವರದಿಯೂ ಆ ಪ್ರದೇಶಗಳನ್ನು ಎಲ್ಲರ ಬಾಯಲ್ಲಿ ಉಳಿಸಿವೆ. ರಾಯಚೂರಿನ ಸೀಮೆಯಲ್ಲಿ ಅಂತಹ ಗದ್ದಲವಿಲ್ಲ. ಆದರೆ ಗದ್ದಲವಿಲ್ಲದ ಕಡೆ ಇತಿಹಾಸವೂ ಇಲ್ಲವೆಂದು ತಿಳಿಯುವುದು ತಪ್ಪು. ಕನ್ನಡ, ಉರ್ದು, ತೆಲುಗು, ಮರಾಠಿ ಈ ನಾಲ್ಕು ಭಾಷೆಗಳು ಒಂದೇ ಆಳ್ವಿಕೆಯಡಿಯಲ್ಲಿ ಹೇಗೆ ಬಾಳಿದವು, ಹೇಗೆ ಘರ್ಷಿಸಿದವು, ಕೊನೆಗೆ ಹೇಗೆ ಬೇರ್ಪಟ್ಟವು ಎಂಬುದನ್ನು ಅರಿಯಲು ರಾಯಚೂರಿಗಿಂತ ಉತ್ತಮವಾದ ಕ್ಷೇತ್ರವು ದೊರೆಯುವುದು ವಿರಳ. ಪ್ರಸ್ತುತ ಲೇಖನದಲ್ಲಿ ಈ ವಿಷಯವನ್ನು, ಇಂತಹುದೇ ಪ್ರಶ್ನೆಯೊಡನೆ ಸುಮಾರು ಎರಡು ಶತಮಾನಗಳಿಂದ ಹೆಣಗುತ್ತಿರುವ ಬೆಲ್ಜಿಯಂ ದೇಶದ ಅನುಭವದ ಪಕ್ಕದಲ್ಲಿಟ್ಟು ಪರಿಶೀಲಿಸಲು ಯತ್ನಿಸಿದ್ದೇವೆ. ಹೋಲಿಕೆಯು ಎಲ್ಲೆಡೆಯೂ ಹೊಂದುವುದಿಲ್ಲ. ಹೊಂದದ ಕಡೆಗಳೇ ನಮಗೆ ಹೆಚ್ಚು ಪ್ರಯೋಜನಕರವಾಗಿ ಕಂಡಿವೆ.

ಮೊದಲು ಬೆಲ್ಜಿಯಂ ದೇಶದ ಸಂಗತಿ. 1830ರಲ್ಲಿ ನೆದರ್ಲೆಂಡ್ಸಿನಿಂದ ಬೇರ್ಪಟ್ಟು ಹುಟ್ಟಿದ ಈ ಪುಟ್ಟ ರಾಜ್ಯದ ಉತ್ತರಭಾಗವಾದ ಫ್ಲಾಂಡರ್ಸಿನಲ್ಲಿ ಡಚ್ ಭಾಷೆಯೂ, ದಕ್ಷಿಣಭಾಗವಾದ ವಲೋನಿಯದಲ್ಲಿ ಫ್ರೆಂಚ್ ಭಾಷೆಯೂ ರೂಢಿಯಲ್ಲಿವೆ. ಪೂರ್ವದ ಅಂಚಿನಲ್ಲಿ ಜರ್ಮನ್ ಆಡುವ ಅಲ್ಪಸಂಖ್ಯಾತರೂ ಇದ್ದಾರೆ. ಜನಸಂಖ್ಯೆಯಲ್ಲಿ ಡಚ್ ಆಡುವವರೇ ಹೆಚ್ಚು. ಆದರೆ ಆಡಳಿತ, ನ್ಯಾಯಾಲಯ, ಸೈನ್ಯ, ಉಚ್ಚಶಿಕ್ಷಣ ಎಲ್ಲವೂ ಫ್ರೆಂಚಿನಲ್ಲಿಯೇ ನಡೆಯುತ್ತಿದ್ದವು. ಫ್ಲಾಂಡರ್ಸಿನ ಸಿರಿವಂತರು ಕೂಡ ಮನೆಯಲ್ಲಿ ಫ್ರೆಂಚನ್ನೇ ಆಡುತ್ತಿದ್ದರೆಂಬುದನ್ನು ಗಮನಿಸಬೇಕು. ಆದ್ದರಿಂದ ಅಲ್ಲಿಯ ಭಾಷಾಭೇದವು ಉತ್ತರ ದಕ್ಷಿಣಗಳ ಭೇದವಾಗಿದ್ದಂತೆಯೇ ಮಹಡಿ ಮನೆಗೂ ಗುಡಿಸಲಿಗೂ ಇದ್ದ ಭೇದವೂ ಆಗಿತ್ತು.

1860ರಲ್ಲಿ ಕೌಕೆ ಮತ್ತು ಗೋಥಾಲ್ಸ್ ಎಂಬ ಇಬ್ಬರು ಫ್ಲೆಮಿಶ್ ಕೂಲಿಗಳನ್ನು ಕೊಲೆಯ ಆರೋಪದ ಮೇಲೆ ವಿಚಾರಣೆಗೆ ಒಳಪಡಿಸಿ, ಶಾರ್ಲರ್ವಾ ನಗರದಲ್ಲಿ ಶಿರಚ್ಛೇದ ಮಾಡಲಾಯಿತು. ವಿಚಾರಣೆಯು ಫ್ರೆಂಚಿನಲ್ಲಿ ನಡೆಯಿತು. ಅನಂತರ ಬೇರೆ ಅಪರಾಧಿಗಳ ತಪ್ಪೊಪ್ಪಿಗೆಯಿಂದ ಆ ಇಬ್ಬರ ಅಪರಾಧದ ಬಗೆಗೆ ಗಾಢವಾದ ಸಂಶಯ ಎದ್ದಿತು. ಅವರಿಗೆ ದುಭಾಷಿಯ ನೆರವು ಎಷ್ಟರಮಟ್ಟಿಗೆ ದೊರೆತಿತ್ತೆಂಬುದನ್ನು ಕುರಿತು ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆಯಾದರೂ, ತನಗೆ ತಿಳಿಯದ ಭಾಷೆಯಲ್ಲಿ ಮನುಷ್ಯನಿಗೆ ಮರಣದಂಡನೆ ವಿಧಿಸಬಹುದೆಂಬ ಭಯವು ಫ್ಲೆಮಿಶ್ ಜನರ ಮನಸ್ಸಿನಲ್ಲಿ ಅಚ್ಚೊತ್ತಿತು. 1873ರಲ್ಲಿ ಫ್ಲಾಂಡರ್ಸಿನ ನ್ಯಾಯಾಲಯಗಳಲ್ಲಿ ಡಚ್ ಭಾಷೆಗೆ ಸ್ಥಾನ ದೊರೆಯಿತು. 1898ರ ಸಮಾನತೆಯ ಕಾನೂನಿನಿಂದ ಶಾಸನಗಳು ಎರಡು ಭಾಷೆಗಳಲ್ಲಿಯೂ ಸಮಾನವಾಗಿ ಪ್ರಕಟವಾಗತೊಡಗಿದವು. 1930ರಲ್ಲಿ ಘೆಂಟ್ ವಿಶ್ವವಿದ್ಯಾನಿಲಯವು ಪೂರ್ಣವಾಗಿ ಡಚ್ ಮಾಧ್ಯಮಕ್ಕೆ ತಿರುಗಿತು. ರಾಜ್ಯ ಹುಟ್ಟಿ ಸರಿಯಾಗಿ ನೂರು ವರ್ಷಗಳಾದ ಮೇಲೆ ಬಹುಸಂಖ್ಯಾತರಿಗೆ ತಮ್ಮ ಭಾಷೆಯ ವಿಶ್ವವಿದ್ಯಾನಿಲಯವೊಂದು ಲಭಿಸಿತು.

ಈಗ ನಮ್ಮ ಸೀಮೆಯ ಕಡೆಗೆ ಬರೋಣ. ಆಳುವವರ ಭಾಷೆ ಒಂದು, ಆಳಿಸಿಕೊಳ್ಳುವವರ ಭಾಷೆ ಇನ್ನೊಂದು ಎಂಬುದು ರಾಯಚೂರಿಗೆ ಹೊಸದಲ್ಲ. ಅಶೋಕನ ಹೆಸರನ್ನೇ ಹೇಳುವ ಮಸ್ಕಿಯ ಶಾಸನವು ಪ್ರಾಕೃತದಲ್ಲಿದೆ. ಅದನ್ನು ಬಂಡೆಯ ಮೇಲೆ ಕೆತ್ತಿದ ದಿನ ಸುತ್ತಲಿನ ಊರವರಲ್ಲಿ ಎಷ್ಟು ಮಂದಿಗೆ ಅದು ಅರ್ಥವಾಗಿರಬಹುದೆಂದು ನಾವು ತರಗತಿಗಳಲ್ಲಿ ಕೇಳುವುದುಂಟು. ನಿಜಾಮರ ಆಳ್ವಿಕೆಯಲ್ಲಿ ಮೊದಲು ಪಾರಸಿಯೂ, 1880ರ ದಶಕದಿಂದೀಚೆಗೆ ಉರ್ದುವೂ ಸರಕಾರದ ಭಾಷೆಗಳಾಗಿದ್ದವು. 1800ರಲ್ಲಿ ಬಳ್ಳಾರಿಯ ಸೀಮೆಯು ಕುಂಪಣಿಗೆ ಹೋಯಿತು. ರಾಯಚೂರಿನ ದೋಆಬು ನಿಜಾಮನಲ್ಲಿಯೇ ಉಳಿಯಿತು. 1853ರಲ್ಲಿ ಅದನ್ನೂ ಬ್ರಿಟಿಷರ ವಶಕ್ಕೆ ಒಪ್ಪಿಸಲಾಯಿತಾದರೂ 1860ರಲ್ಲಿ ನಿಜಾಮನಿಗೆ ಹಿಂದಿರುಗಿಸಲಾಯಿತು. ಹೀಗಾಗಿ ತುಂಗಭದ್ರೆಯ ಆಚೆ ದಡದ ಕನ್ನಡಿಗನು ಮದರಾಸಿನ ಇಂಗ್ಲಿಷ್ ಕಚೇರಿಗೂ, ಈಚೆ ದಡದ ಕನ್ನಡಿಗನು ಹೈದರಾಬಾದಿನ ಉರ್ದು ಕಚೇರಿಗೂ ಅರ್ಜಿ ಬರೆಸಿಕೊಂಡು ಹೋಗಬೇಕಾಯಿತು. ಎರಡು ಕಡೆಯೂ ಅವನು ಬರೆಸಬೇಕಾದವನೇ ಹೊರತು ಬರೆಯುವವನಾಗಿರಲಿಲ್ಲ.

ಹೈದರಾಬಾದ್ ರಾಜ್ಯದ ಜನರಲ್ಲಿ ಅರ್ಧಕ್ಕೆ ಸಮೀಪವಾದವರು ತೆಲುಗರು, ಸುಮಾರು ನಾಲ್ಕರಲ್ಲೊಂದು ಪಾಲು ಮರಾಠಿಗರು, ಸುಮಾರು ಹತ್ತರಲ್ಲೊಂದು ಪಾಲು ಕನ್ನಡಿಗರು. ಉರ್ದು ಮಾತೃಭಾಷೆಯವರೂ ಹೆಚ್ಚು ಕಡಿಮೆ ಕನ್ನಡಿಗರಷ್ಟೇ ಇದ್ದರು. ಇಲ್ಲಿಯೇ ಬೆಲ್ಜಿಯಂ ದೇಶದೊಡನೆ ಇರುವ ಮೊದಲ ಭೇದವು ಗೋಚರವಾಗುತ್ತದೆ. ಫ್ರೆಂಚ್ ಭಾಷೆಗೆ ವಲೋನಿಯವೆಂಬ ತನ್ನದೇ ಆದ ನೆಲವಿತ್ತು. ಉರ್ದುವಿಗೆ ಹೈದರಾಬಾದ್ ನಗರದ ಹೊರಗೆ ಅಂತಹ ನೆಲವಿರಲಿಲ್ಲ. ಅದು ರಾಯಚೂರು, ಗುಲಬರ್ಗಾ, ಬೀದರ ಮೊದಲಾದ ಪಟ್ಟಣಗಳಲ್ಲಿ ಮೊಹಲ್ಲಗಳಾಗಿ ಹರಡಿಕೊಂಡಿತ್ತು. ಆದುದರಿಂದ ಮುಂದೆ ನೆಲವನ್ನು ಭಾಷೆಯ ಮೇರೆಗೆ ಹಂಚಿದಾಗ ತೆಲುಗಿಗೆ ಒಂದು ರಾಜ್ಯ, ಮರಾಠಿಗೆ ಒಂದು ರಾಜ್ಯ, ಕನ್ನಡಕ್ಕೆ ಒಂದು ರಾಜ್ಯ ದೊರೆತವು. ನಿನ್ನೆಯವರೆಗೆ ಸಿಂಹಾಸನದಲ್ಲಿದ್ದ ಭಾಷೆಯು ಮೂರು ರಾಜ್ಯಗಳಲ್ಲಿಯೂ ಅಲ್ಪಸಂಖ್ಯಾತರ ಭಾಷೆಯಾಗಿ ಉಳಿಯಿತು. ಗಡಿಯ ಗೆರೆಯಿಂದ ಪರಿಹಾರವಾಗದ ಭಾಷಾಪ್ರಶ್ನೆಗಳೂ ಉಂಟೆಂಬುದಕ್ಕೆ ಇದೇ ನಿದರ್ಶನ.

ಉರ್ದುವಿನ ವಿಷಯದಲ್ಲಿ ನ್ಯಾಯದೃಷ್ಟಿಯಿಂದ ಇನ್ನೊಂದು ಮಾತನ್ನೂ ಹೇಳಬೇಕಾಗಿದೆ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ವೈದ್ಯ, ಎಂಜಿನಿಯರಿಂಗು, ಕಾನೂನುಗಳವರೆಗೆ ಉಚ್ಚಶಿಕ್ಷಣವನ್ನು ಭಾರತೀಯ ಭಾಷೆಯೊಂದರಲ್ಲಿ ನೀಡಲು ಮುಂದಾಯಿತು. ಅದಕ್ಕಾಗಿಯೇ ಅನುವಾದದ ಇಲಾಖೆಯೊಂದನ್ನು ತೆರೆದು, ಪಾರಿಭಾಷಿಕ ಪದಗಳನ್ನು ರೂಪಿಸಿ, ಪಠ್ಯಗ್ರಂಥಗಳನ್ನು ಸಿದ್ಧಪಡಿಸಲಾಯಿತು. ಘೆಂಟಿನಲ್ಲಿ ಡಚ್ಚರು 1930ರಲ್ಲಿ ಸಾಧಿಸಿದ್ದನ್ನು ಹೈದರಾಬಾದ್ ಅದಕ್ಕಿಂತ ಒಂದು ದಶಕ ಮೊದಲೇ ಮಾಡಿ ತೋರಿಸಿತೆಂದರೆ ತಪ್ಪಾಗಲಾರದು. ದೋಷವಿದ್ದುದು ಪ್ರಯೋಗದಲ್ಲಲ್ಲ, ಭಾಷೆಯ ಆಯ್ಕೆಯಲ್ಲಿ. ದೇವದುರ್ಗದ ಅಥವಾ ಮಾನ್ವಿಯ ಬಾಲಕನಿಗೆ ಆ ವಿಶ್ವವಿದ್ಯಾನಿಲಯದ ಉರ್ದು ಇಂಗ್ಲಿಷಿನಷ್ಟಲ್ಲದಿದ್ದರೂ ಪರಭಾಷೆಯೇ ಆಗಿತ್ತು. ಕೆಳಗಿನ ತರಗತಿಗಳಲ್ಲಿ ಮಾತೃಭಾಷೆಗೆ ಅಷ್ಟಿಷ್ಟು ಅವಕಾಶವಿದ್ದರೂ ಮೇಲೇರಿದಂತೆಲ್ಲ ಉರ್ದು ಅನಿವಾರ್ಯವಾಗುತ್ತಿತ್ತು. ಶಾಲೆಗಳ ಸಂಖ್ಯೆಯೋ ತೀರ ಕಡಿಮೆ. 1951ರಲ್ಲಿ ಕೂಡ ಇಡೀ ರಾಜ್ಯದಲ್ಲಿ ಸಾಕ್ಷರರು ನೂರಕ್ಕೆ ಹತ್ತರಷ್ಟೂ ಇರಲಿಲ್ಲ. ಅಕ್ಷರವೇ ಇಲ್ಲದ ಕಡೆ ಯಾವ ಲಿಪಿಯ ಅಕ್ಷರವೆಂಬ ಪ್ರಶ್ನೆ ಏಳುವುದು ತಡವಾಯಿತೆಂದರೆ ಆಶ್ಚರ್ಯವಿಲ್ಲ.

ಉಸ್ಮಾನಿಯಾದಲ್ಲಿ ಕಲಿತು ಬಂದ ಕನ್ನಡಿಗರಿಂದ ಕನ್ನಡಕ್ಕಾದ ಲಾಭವು ಬೇರೆಯೇ ಒಂದು ಅಧ್ಯಯನಕ್ಕೆ ವಸ್ತುವಾಗಬಲ್ಲದು. ಆಗ ರಾಯಚೂರು ಜಿಲ್ಲೆಯಲ್ಲಿದ್ದ ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದ ಸಿದ್ಧಯ್ಯ ಪುರಾಣಿಕರು ಅಲ್ಲಿಯ ವಿದ್ಯಾರ್ಥಿಗಳು. ಅವರೇ ಮುಂದೆ 'ಕಾವ್ಯಾನಂದ'ರೆಂದು ಕನ್ನಡನಾಡಿಗೆಲ್ಲ ಪರಿಚಿತರಾದರು. ರಾಯಚೂರಿನವರಾದ ಶಾಂತರಸರು ಉರ್ದುವಿನ ಗಜಲ್ ಪ್ರಕಾರವನ್ನು ಕನ್ನಡದಲ್ಲಿ ಬೇರೂರಿಸಿದವರಲ್ಲಿ ಅಗ್ರಗಣ್ಯರು. 2006ರಲ್ಲಿ ಬೀದರದಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿ ಅವರಿಗೆ ಸಂದಿತು. ಯಾವ ಭಾಷೆಯ ಒತ್ತಡದಿಂದ ಕನ್ನಡವು ನರಳಿತೋ ಆ ಭಾಷೆಯಿಂದಲೇ ಕನ್ನಡವು ಹೊಸದೊಂದು ಕಾವ್ಯಪ್ರಕಾರವನ್ನು ಪಡೆಯಿತು. ಫ್ಲೆಮಿಶ್ ಸಾಹಿತ್ಯದಲ್ಲಿಯೂ ಇಂತಹ ವಿಚಿತ್ರವು ಬೇರೊಂದು ರೂಪದಲ್ಲಿ ಕಾಣುತ್ತದೆ. ಘೆಂಟಿನಲ್ಲಿ ಹುಟ್ಟಿ 1911ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಮಾರಿಸ್ ಮೇಟರ್ಲಿಂಕನು ಫ್ಲೆಮಿಶ್ ನಾಡಿನವನಾಗಿದ್ದರೂ ಬರೆದುದು ಫ್ರೆಂಚಿನಲ್ಲಿ.

ಇನ್ನು ಘರ್ಷಣೆಯ ವಿಚಾರ. ಹೈದರಾಬಾದಿನಲ್ಲಿ ಇದ್ದುದು ಕೇವಲ ಉರ್ದುವಿಗೂ ಪ್ರಜೆಗಳ ಭಾಷೆಗಳಿಗೂ ನಡುವಣ ತಿಕ್ಕಾಟವೆಂದು ಭಾವಿಸಿದರೆ ಚಿತ್ರವು ಅಪೂರ್ಣವಾಗುತ್ತದೆ. 1921ರ ನವೆಂಬರಿನಲ್ಲಿ ಹೈದರಾಬಾದ್ ನಗರದಲ್ಲಿ ಮಹರ್ಷಿ ಕರ್ವೆಯವರ ಅಧ್ಯಕ್ಷತೆಯಲ್ಲಿ ಸಮಾಜಸುಧಾರಣೆಯ ಸಮ್ಮೇಳನವೊಂದು ಜರುಗಿತು. ಅಲ್ಲಿ ಆಲಂಪಲ್ಲಿ ವೆಂಕಟರಾಮರಾಯರೆಂಬ ವಕೀಲರು ತೆಲುಗಿನಲ್ಲಿ ಮಾತನಾಡಲು ಎದ್ದು ನಿಂತಾಗ, ಬಹುಪಾಲು ಮರಾಠಿಗರಿದ್ದ ಸಭೆಯು ಗದ್ದಲವೆಬ್ಬಿಸಿ ಅವರನ್ನು ಹೀಯಾಳಿಸಿತು. ರಾಜ್ಯದಲ್ಲಿ ಅತಿ ಹೆಚ್ಚು ಜನ ಆಡುವ ಭಾಷೆಗೆ ರಾಜಧಾನಿಯ ಸಭೆಯಲ್ಲಿ ಆದ ಈ ಅವಮಾನದ ಫಲವಾಗಿಯೇ ಆಂಧ್ರ ಜನಸಂಘವು ಹುಟ್ಟಿಕೊಂಡಿತು. ಗದ್ದಲವೆಬ್ಬಿಸಿದವರು ಆಳರಸರ ಕಡೆಯವರಲ್ಲ, ಅವರೂ ಆಳಿಸಿಕೊಳ್ಳುವವರೇ ಎಂಬುದು ಇಲ್ಲಿ ವಿಶೇಷ. ಮೇಲಿನಿಂದ ತುಳಿತಕ್ಕೊಳಗಾದವನು ತನ್ನ ಪಕ್ಕದವನನ್ನು ತುಳಿಯುವುದು ಭಾಷೆಗಳ ಲೋಕದಲ್ಲಿ ಅಪರೂಪವಲ್ಲ. ಅನಂತರ 1930ರಲ್ಲಿ ಆಂಧ್ರ ಮಹಾಸಭೆಯೂ, 1937ರಲ್ಲಿ ಮಹಾರಾಷ್ಟ್ರ ಪರಿಷತ್ತೂ, ಅದೇ ವರ್ಷ ಬೀದರದಲ್ಲಿ ಕರ್ನಾಟಕ ಪರಿಷತ್ತೂ ಸೇರಿದವು. ರಾಜಕೀಯ ಸಭೆಗಳಿಗೆ ಸರಕಾರವು ಗಸ್ತಿ ಸುತ್ತೋಲೆಯ ಮೂಲಕ ಕಡಿವಾಣ ಹಾಕಿದ್ದ ಕಾಲದಲ್ಲಿ ಸಾಹಿತ್ಯವೂ ಸಂಸ್ಕೃತಿಯೂ ರಾಜಕೀಯದ ಮುಸುಕಾದುವು. 1928ರಲ್ಲಿ ಗುಲಬರ್ಗಾದಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿಯೂ, 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿಯೂ ಕೂಡಿದ ಸಾಹಿತ್ಯ ಸಮ್ಮೇಳನಗಳನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕು. ಮೈಸೂರಿನ ಪ್ರಾಧ್ಯಾಪಕರೂ ಮಂಗಳೂರಿನ ಸೀಮೆಯ ಉಪಾಧ್ಯಾಯರೂ ನಿಜಾಮನ ನೆಲದಲ್ಲಿ ನಿಂತು ಕನ್ನಡದಲ್ಲಿ ಭಾಷಣ ಮಾಡಿದರೆಂಬುದೇ ಆ ದಿನಗಳಲ್ಲಿ ಒಂದು ಘಟನೆ.

ರಾಯಚೂರಿನ ಮಟ್ಟಿಗೆ ಈ ಅಧ್ಯಾಯದಲ್ಲಿ ಪಂಡಿತ ತಾರಾನಾಥರ ಹೆಸರು ಪ್ರಧಾನವಾದುದು. ಮಂಗಳೂರಿನಲ್ಲಿ ಹುಟ್ಟಿ, ಹೈದರಾಬಾದಿನಲ್ಲಿ ವೈದ್ಯಶಾಸ್ತ್ರವನ್ನು ಓದಿದ ಅವರು ರಾಯಚೂರಿನಲ್ಲಿ ರಾಷ್ಟ್ರೀಯ ಭಾವನೆಯ ಶಾಲೆಯೊಂದನ್ನು ತೆರೆದರು. ಅದಕ್ಕೆ ಅವರು ಇಟ್ಟ ಹೆಸರು 'ಹಮ್‌ದರ್ದ್'. ಪರರ ನೋವಿನಲ್ಲಿ ಪಾಲುಗೊಳ್ಳುವವನು ಎಂಬರ್ಥದ ಈ ಪದವು ಪಾರಸಿ ಮೂಲದ್ದು, ಉರ್ದುವಿನಲ್ಲಿ ಮನೆಮಾತು. ಕನ್ನಡದ ಏಳಿಗೆಗೂ ಸ್ವಾತಂತ್ರ್ಯದ ಚಳವಳಿಗೂ ನೆಲೆಯಾದ ಶಾಲೆಯು ಉರ್ದುವಿನ ಹೆಸರನ್ನು ಹೊತ್ತಿತ್ತು; ಇಂದಿಗೂ ಊರವರು ಅದನ್ನು ಅದೇ ಹೆಸರಿನಿಂದ ಕರೆಯುತ್ತಾರೆ. ಭಾಷೆಯ ಮೇಲಿನ ಸಿಟ್ಟಿಗೂ ಭಾಷೆಯನ್ನು ಹೇರುವ ಆಡಳಿತದ ಮೇಲಿನ ಸಿಟ್ಟಿಗೂ ಇರುವ ಅಂತರವನ್ನು ತಾರಾನಾಥರು ಚೆನ್ನಾಗಿ ಬಲ್ಲವರಾಗಿದ್ದರು. ತರುವಾಯ ಅವರು ನಿಜಾಮನ ಸೀಮೆಯನ್ನು ಬಿಟ್ಟು, ತುಂಗಭದ್ರೆಯ ಆಚೆ ದಡದಲ್ಲಿ ಬ್ರಿಟಿಷರ ನೆಲದಲ್ಲಿ ಪ್ರೇಮಾಯತನವೆಂಬ ಆಶ್ರಮವನ್ನು ಕಟ್ಟಿಕೊಂಡರು.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಿಂದ ನಿಜಾಮನ ಆಳ್ವಿಕೆಯು ಕೊನೆಗೊಂಡಿತು. ಎಂಟು ವರ್ಷಗಳ ತರುವಾಯ ರಾಜ್ಯವೇ ಇಲ್ಲವಾಯಿತು. ಈ ಎಂಟು ವರ್ಷಗಳಲ್ಲಿ ಗಡಿಯನ್ನು ಎಳೆದ ಬಗೆಯೇ ನಮ್ಮ ತುಲನೆಯ ಮುಖ್ಯಭಾಗ. ಗಡಿಯನ್ನು ಎಳೆಯುವವನು ಮೂರು ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಗುತ್ತದೆ: ಯಾರನ್ನು ಎಣಿಸಬೇಕು? ಊರನ್ನು ಎಣಿಸಬೇಕೆ, ತಾಲ್ಲೂಕನ್ನೆ? ಎಣಿಕೆಯಲ್ಲದೆ ಬೇರೆ ಯಾವುದಕ್ಕೆ ಬೆಲೆ ಕೊಡಬೇಕು?

ಬಳ್ಳಾರಿಯ ಪ್ರಕರಣದಲ್ಲಿ ಈ ಮೂರೂ ಪ್ರಶ್ನೆಗಳು ಒಟ್ಟಿಗೆ ಎದ್ದುವು. 1953ರಲ್ಲಿ ಆಂಧ್ರರಾಜ್ಯವನ್ನು ರಚಿಸುವಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸಂದವು. ಬಳ್ಳಾರಿ ತಾಲ್ಲೂಕು ಒಂದು ಮಾತ್ರ ಕಗ್ಗಂಟಾಗಿ ಉಳಿಯಿತು. ಅದನ್ನು ಬಿಡಿಸಲು ನ್ಯಾಯಮೂರ್ತಿ ಮಿಶ್ರರನ್ನು ನೇಮಿಸಲಾಯಿತು. ಅವರ ಶಿಫಾರಸಿನಂತೆ ಆ ತಾಲ್ಲೂಕು 1953ರ ಅಕ್ಟೋಬರ್ 1ರಂದು ಮೈಸೂರನ್ನು ಸೇರಿತು. ಇಷ್ಟಕ್ಕೇ ಮುಗಿಯಲಿಲ್ಲ. ಫಜಲ್ ಅಲಿಯವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ವರದಿಯಲ್ಲಿ ತುಂಗಭದ್ರಾ ಯೋಜನೆಯ ಹಿತವನ್ನು ಮುಂದಿಟ್ಟು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಸೂಚಿಸಿತು. ಕೇಂದ್ರಸರಕಾರವು ಈ ಸೂಚನೆಯನ್ನು ಅಂಗೀಕರಿಸಲಿಲ್ಲ. ಎರಡೇ ವರ್ಷಗಳ ಅಂತರದಲ್ಲಿ ಇಬ್ಬರು ತೀರ್ಪುಗಾರರು ಅದೇ ನೆಲಕ್ಕೆ ಎರಡು ತೀರ್ಪುಗಳನ್ನಿತ್ತರು. ಇಬ್ಬರೂ ವಿವೇಕಿಗಳೇ. ಒಬ್ಬರು ಜನರ ಸಂಬಂಧಗಳನ್ನೂ ಇನ್ನೊಬ್ಬರು ನೀರಿನ ಹರಿವನ್ನೂ ಪ್ರಧಾನವೆಂದೆಣಿಸಿದರು, ಅಷ್ಟೆ. ಅದೇ ಆಯೋಗವು ಬೀದರ ಜಿಲ್ಲೆಯನ್ನು ಉಳಿಕೆಯ ಹೈದರಾಬಾದ್ ರಾಜ್ಯದಲ್ಲಿಯೇ ಇಡಬೇಕೆಂದೂ ಹೇಳಿತ್ತೆಂಬುದನ್ನು ಇಂದಿನ ವಿದ್ಯಾರ್ಥಿಗಳು ಬಹುಮಟ್ಟಿಗೆ ಅರಿಯರು.

ಕೊನೆಗೆ 1956ರ ಶಾಸನದ ಮೇರೆಗೆ ಆಲಂಪುರ, ಗದ್ವಾಲ ತಾಲ್ಲೂಕುಗಳನ್ನುಳಿದ ರಾಯಚೂರು ಜಿಲ್ಲೆ, ಕೊಡಂಗಲ್, ತಾಂಡೂರು ತಾಲ್ಲೂಕುಗಳನ್ನುಳಿದ ಗುಲಬರ್ಗಾ ಜಿಲ್ಲೆ, ಬೀದರ ಜಿಲ್ಲೆಯ ಬಹುಭಾಗ ಇವು ಹೊಸ ಮೈಸೂರು ರಾಜ್ಯವನ್ನು ಸೇರಿದವು. ಸಂಸ್ಥಾನವೆಂದು ಹೆಸರಾಗಿದ್ದ ಗದ್ವಾಲವು ರಾಯಚೂರಿನೊಡನೆ ಹೊಂದಿದ್ದ ಆಡಳಿತಸಂಬಂಧವು ಅಂದಿಗೆ ಕಡಿಯಿತು. ಬೀಗತನದ ಸಂಬಂಧಗಳು ಕಡಿಯಲಿಲ್ಲ. ಗೆರೆಯನ್ನು ತಾಲ್ಲೂಕಿನ ಲೆಕ್ಕದಲ್ಲಿ ಎಳೆದುದರಿಂದ, ಆಚೆ ಉಳಿದ ಕನ್ನಡದ ಊರುಗಳೂ ಈಚೆ ಉಳಿದ ತೆಲುಗಿನ ಊರುಗಳೂ ಅನಿವಾರ್ಯವಾದುವು.

ಬೆಲ್ಜಿಯಂ ದೇಶವು ಇದೇ ಕಾಲದಲ್ಲಿ ಇದೇ ಕೆಲಸವನ್ನು ಮಾಡುತ್ತಿತ್ತು. 1932ರ ಕಾನೂನಿನಂತೆ ಯಾವ ಊರಿನಲ್ಲಿ ಇನ್ನೊಂದು ಭಾಷೆಯವರು ನೂರಕ್ಕೆ ಮೂವತ್ತರಷ್ಟಾಗುತ್ತಾರೋ ಅಲ್ಲಿ ಆ ಭಾಷೆಯಲ್ಲಿಯೂ ಸರಕಾರಿ ವ್ಯವಹಾರ ನಡೆಯಬೇಕಾಗಿತ್ತು. ನಮ್ಮ ಪುನರ್ವಿಂಗಡಣಾ ಆಯೋಗವೂ ಜನಸಂಖ್ಯೆಯಲ್ಲಿ ಮೂವತ್ತರ ಪಾಲು ಅಲ್ಪಸಂಖ್ಯಾತರಿದ್ದರೆ ಆ ಪ್ರದೇಶವನ್ನು ದ್ವಿಭಾಷಾ ಪ್ರದೇಶವೆಂದು ಗಣಿಸಬೇಕೆಂಬ ಅದೇ ಪ್ರಮಾಣವನ್ನು ಸೂಚಿಸಿತೆಂಬುದು ಕುತೂಹಲಕರ. ಅಲ್ಲಿ ಈ ಪ್ರಮಾಣದಿಂದಲೇ ಕಲಹವು ಬೆಳೆಯಿತು. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಯು ಜನರ ಎಣಿಕೆಯಾಗಿರುವುದರ ಬದಲು ಭಾಷೆಗಳ ಚುನಾವಣೆಯಾಗಿ ಮಾರ್ಪಟ್ಟಿತು. ಫ್ರೆಂಚ್ ಪ್ರತಿಷ್ಠೆಯ ಭಾಷೆಯಾದುದರಿಂದ, ಮನೆಯಲ್ಲಿ ಡಚ್ ಆಡುವವರು ಕೂಡ ಗಣತಿಯ ಕಾಗದದಲ್ಲಿ ಫ್ರೆಂಚ್ ಎಂದು ಬರೆಸುತ್ತಿದ್ದಾರೆಂಬ ಆಕ್ಷೇಪಣೆ ಕೇಳಿಬಂದಿತು. 1947ರ ಗಣತಿಯ ಭಾಷಾಫಲಿತಾಂಶವನ್ನು ಸರಕಾರವು 1954ರವರೆಗೆ ಪ್ರಕಟಿಸದೆ ತಡೆಹಿಡಿಯಿತು. ಕಡೆಗೆ 1961ರಲ್ಲಿ ಭಾಷೆಯ ಪ್ರಶ್ನೆಯನ್ನು ಗಣತಿಯಿಂದಲೇ ತೆಗೆದುಹಾಕಲಾಯಿತು. 1962ರಲ್ಲಿ ಗೆರೆಯನ್ನು ಊರೂರಿನ ಲೆಕ್ಕದಲ್ಲಿ ಶಾಶ್ವತವಾಗಿ ಎಳೆಯಲಾಯಿತು.

ನಾವು ಹಾಗೆ ಮಾಡಲಿಲ್ಲ. ನಮ್ಮ ಜನಗಣತಿಯು ಮಾತೃಭಾಷೆಯ ಪ್ರಶ್ನೆಯನ್ನು ಇಂದಿಗೂ ಉಳಿಸಿಕೊಂಡಿದೆ. ಆದರೆ ಗಡಿಯು ಗಣತಿಯಿಂದ ಗಣತಿಗೆ ಅಲುಗುವುದಿಲ್ಲ. ಎಣಿಕೆಯನ್ನು ಬಿಡದೆ ಎಣಿಕೆಯ ಬಲವನ್ನು ತೆಗೆದ ಈ ಮಾರ್ಗವು ನಮಗೆ ಬೆಲ್ಜಿಯಂ ದೇಶದ ಮಾರ್ಗಕ್ಕಿಂತ ಮೇಲೆಂದು ತೋರುತ್ತದೆ. ಅಲ್ಲಿ ಬ್ರಸೆಲ್ಸ್ ನಗರದ ಸುತ್ತಣ ಊರುಗಳಲ್ಲಿ ಯಾರೆಷ್ಟು ಎಂಬುದನ್ನು ಅಧಿಕೃತವಾಗಿ ಹೇಳಲು ಇಂದು ಯಾವ ಸಾಧನವೂ ಉಳಿದಿಲ್ಲ.

ಊರೂರಿನ ಲೆಕ್ಕದ ಸೂಕ್ಷ್ಮವಾದ ಗೆರೆಯಿಂದ ಶಾಂತಿ ನೆಲೆಸಿತೆ ಎಂದು ಕೇಳಿದರೆ, ಇಲ್ಲವೆಂದೇ ಹೇಳಬೇಕು. ಲಿಯೆಜ್ ಪ್ರಾಂತದಿಂದ ತೆಗೆದು ಡಚ್ ಭಾಷೆಯ ಲಿಂಬರ್ಗ್ ಪ್ರಾಂತಕ್ಕೆ ಸೇರಿಸಿದ ಫೂರೆನ್ ಎಂಬ ಕೆಲವೇ ಹಳ್ಳಿಗಳ ಗುಂಪು ಕಾಲು ಶತಮಾನದವರೆಗೆ ದೇಶವನ್ನೇ ಅಲುಗಿಸಿತು. ಅಲ್ಲಿಯ ಪುರಾಧ್ಯಕ್ಷನು ಡಚ್ ಭಾಷೆಯ ಪರೀಕ್ಷೆಗೆ ಒಳಪಡಲು ನಿರಾಕರಿಸಿದುದರಿಂದ ಹುಟ್ಟಿದ ವಿವಾದವು 1987ರಲ್ಲಿ ರಾಷ್ಟ್ರದ ಮಂತ್ರಿಮಂಡಲವನ್ನೇ ಉರುಳಿಸಿತು. ಇದಕ್ಕೂ ಮೊದಲು, 1968ರಲ್ಲಿ, ಲುವೆನಿನ ಪ್ರಾಚೀನ ವಿಶ್ವವಿದ್ಯಾನಿಲಯದಿಂದ ಫ್ರೆಂಚ್ ವಿಭಾಗವು ಹೊರಹೋಗಬೇಕೆಂಬ ಚಳವಳಿಯಿಂದಲೂ ಮಂತ್ರಿಮಂಡಲವು ಬಿದ್ದಿತ್ತು. ವಿಶ್ವವಿದ್ಯಾನಿಲಯವು ಎರಡಾಯಿತು. ಫ್ರೆಂಚ್ ಮಾಧ್ಯಮದವರಿಗಾಗಿ ಭಾಷಾಗಡಿಯ ಆಚೆ ಹೊಸ ಪಟ್ಟಣವೊಂದನ್ನೇ ಕಟ್ಟಬೇಕಾಯಿತು. ಗ್ರಂಥಾಲಯವನ್ನು ಹಂಚಿಕೊಂಡ ರೀತಿಯನ್ನಂತೂ ಅಧ್ಯಾಪಕರಾದ ನಾವು ನಿಟ್ಟುಸಿರಿಲ್ಲದೆ ಸ್ಮರಿಸಲಾರೆವು. ಸಮಸಂಖ್ಯೆಯ ಗ್ರಂಥಗಳು ಒಂದು ಕಡೆಗೆ, ವಿಷಮಸಂಖ್ಯೆಯವು ಇನ್ನೊಂದು ಕಡೆಗೆ ಎಂದು ಬಹುಪಾಲನ್ನು ಭಾಗಮಾಡಲಾಯಿತು. ಇಷ್ಟಾದರೂ ಬೆಲ್ಜಿಯಂ ದೇಶದಲ್ಲಿ ಈ ಸುದೀರ್ಘ ಕಲಹವು ರಕ್ತಪಾತಕ್ಕೆ ಎಡೆಗೊಡದೆ, 1970ರಿಂದ 1993ರವರೆಗೆ ಹಂತಹಂತವಾಗಿ ಸಂವಿಧಾನವನ್ನು ತಿದ್ದಿ, ಆ ದೇಶವನ್ನು ಸಂಯುಕ್ತರಾಜ್ಯವನ್ನಾಗಿ ಮಾರ್ಪಡಿಸುವುದರಲ್ಲಿ ಪರ್ಯವಸಾನವಾಯಿತೆಂಬುದನ್ನು ಮರೆಯಲಾಗದು.

ಗಡಿಯ ತಪ್ಪು ಮಗ್ಗುಲಲ್ಲಿ ಉಳಿದವರ ಗತಿಯೇನೆಂಬುದು ಮುಂದಿನ ಪ್ರಶ್ನೆ. 1956ರಲ್ಲಿಯೇ ಏಳನೆಯ ತಿದ್ದುಪಡಿಯ ಮೂಲಕ ನಮ್ಮ ಸಂವಿಧಾನದಲ್ಲಿ 350ಎ, 350ಬಿ ಎಂಬ ವಿಧಿಗಳನ್ನು ಸೇರಿಸಲಾಯಿತು. ಮೊದಲನೆಯದು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅವಕಾಶ ಕಲ್ಪಿಸಬೇಕೆನ್ನುತ್ತದೆ. ಎರಡನೆಯದು ಅವರ ಹಿತರಕ್ಷಣೆಯ ಮೇಲ್ವಿಚಾರಣೆಗೆ ವಿಶೇಷಾಧಿಕಾರಿಯೊಬ್ಬನನ್ನು ಕಲ್ಪಿಸುತ್ತದೆ. ಕಾನೂನು ಒಳ್ಳೆಯದೇ. ಆದರೆ ಕೃಷ್ಣೆಯ ಆಚೆ ದಡದ ಕನ್ನಡ ಶಾಲೆಯಲ್ಲಿ ಓದಿದ ಬಾಲಕನಿಗೆ ಮುಂದಿನ ವಿದ್ಯಾಭ್ಯಾಸವು ಎಲ್ಲಿ, ಉದ್ಯೋಗವು ಯಾವ ರಾಜ್ಯದಲ್ಲಿ ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿಲ್ಲ. ಓದಲು ರಾಯಚೂರಿಗೆ ಬಂದರೆ ಅವನು ಹೊರರಾಜ್ಯದವನು. ಅಲ್ಲಿಯೇ ಉಳಿದರೆ ತೆಲುಗಿನಲ್ಲಿ ಹಿಂದುಳಿದವನು. ಈಚೆ ದಡದ ತೆಲುಗು ಮನೆಗಳ ಹುಡುಗರ ಪಾಡು ಕೂಡ ಇದರ ಕನ್ನಡಿಬಿಂಬವೇ. 2013ರಿಂದ ಜಾರಿಗೆ ಬಂದ 371ಜೆ ವಿಧಿಯಿಂದ ನಮ್ಮ ಜಿಲ್ಲೆಗಳವರಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿ ದೊರೆತ ಮೇಲೆ, ನದಿಯ ಯಾವ ದಡದಲ್ಲಿ ಹುಟ್ಟಿದನೆಂಬುದಕ್ಕೆ ಬೆಲೆ ಇನ್ನಷ್ಟು ಹೆಚ್ಚಿತು.

ಈ ಮಾತು ನಮ್ಮನ್ನು ಭಾಷೆಯಿಂದ ಹೊಟ್ಟೆಪಾಡಿನ ವಿಷಯಕ್ಕೆ ಒಯ್ಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಲಿದ್ದಲು, ಉಕ್ಕುಗಳಿಂದ ವಲೋನಿಯವು ಸಂಪದ್ಭರಿತವಾಗಿತ್ತು. ಫ್ಲಾಂಡರ್ಸಿನ ಬಡವರು ಕೂಲಿಗಾಗಿ ಅಲ್ಲಿಗೆ ಹೋಗುತ್ತಿದ್ದರು. ಎರಡನೆಯ ಮಹಾಯುದ್ಧದ ತರುವಾಯ ಗಣಿಗಳು ಮುಚ್ಚುತ್ತ ಬಂದು, ಸಂಪತ್ತು ಉತ್ತರಕ್ಕೆ ಸರಿಯಿತು. ಅಲ್ಲಿಂದೀಚೆಗೆ ಅಲ್ಲಿಯ ಕಲಹದಲ್ಲಿ ಭಾಷೆಯ ಮಾತಿಗಿಂತ ತೆರಿಗೆಯ ಮಾತೇ ಮುಂದಾಗಿದೆ. ತೆಲಂಗಾಣದ ಇತಿಹಾಸವು ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳುತ್ತದೆ. 1952ರ ಮುಲ್ಕಿ ಚಳವಳಿಯಲ್ಲಿ ಎದುರಾದವರಲ್ಲಿ ಬಹುಮಂದಿ ತೆಲುಗನ್ನೇ ಆಡುವವರು. 1969ರ ಚಳವಳಿಯಲ್ಲಿ ಎರಡು ಪಕ್ಷಗಳೂ ತೆಲುಗರೇ. 2014ರ ಜೂನ್ 2ರಂದು ಒಂದೇ ಭಾಷೆಯ ಜನಕ್ಕೆ ಎರಡು ರಾಜ್ಯಗಳಾದುವು. ನಮ್ಮಲ್ಲಿಯೂ 2021ರಲ್ಲಿ ರಾಯಚೂರಿನ ಜನಪ್ರತಿನಿಧಿಯೊಬ್ಬರು, ಅಭಿವೃದ್ಧಿಯಾಗದಿದ್ದರೆ ರಾಯಚೂರನ್ನು ತೆಲಂಗಾಣಕ್ಕೆ ಸೇರಿಸಬಹುದೆಂದು ಬಹಿರಂಗವಾಗಿ ನುಡಿದರು. ಕನ್ನಡದ ಬಗೆಗೆ ಅವರಿಗೆ ಬೇಸರವಿತ್ತೆಂದು ಯಾರೂ ತಿಳಿಯಲಿಲ್ಲ. 1985ರಿಂದ ದೇವಸುಗೂರಿನ ಪಕ್ಕದ ಶಕ್ತಿನಗರದಲ್ಲಿ ಉತ್ಪಾದನೆಯಾಗುವ ವಿದ್ಯುತ್ತು ರಾಜ್ಯಕ್ಕೆಲ್ಲ ಬೆಳಕು ಕೊಡುತ್ತಿರುವಾಗ, ಅದರ ಬೂದಿಯೊಂದೇ ತಮ್ಮ ಪಾಲಿಗೆ ಉಳಿಯಿತೆಂಬುದು ಸುತ್ತಲಿನ ಊರವರ ಹಳೆಯ ದೂರು. ಮಾತಿನ ಮೂಲವನ್ನು ಅಲ್ಲಿ ಹುಡುಕಬೇಕು.

ಸಾಮಾನ್ಯ ಜನರು ಇದೆಲ್ಲದರ ನಡುವೆ ತಮ್ಮದೇ ಆದ ದಾರಿಯನ್ನು ಕಂಡುಕೊಂಡಿದ್ದಾರೆ. ಸರಕಾರವು ಪಾರಸಿಯಲ್ಲಿ ಫರ್ಮಾನು ಬರೆಯುತ್ತಿದ್ದ ಕಾಲದಲ್ಲಿಯೇ ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರೂ, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರೂ, ಮಾನ್ವಿಯ ಜಗನ್ನಾಥದಾಸರೂ ಕನ್ನಡದಲ್ಲಿ ಹಾಡಿದರು. ಮೊಹರಮ್ಮಿನ ರಿವಾಯತು ಪದಗಳನ್ನು ಈ ಸೀಮೆಯ ಹಿಂದೂ ಮುಸಲ್ಮಾನರು ಒಂದಾಗಿ ಕನ್ನಡದಲ್ಲಿಯೇ ಹಾಡುತ್ತಾರೆ. ದೇವಸುಗೂರಿನ ಸೂಗೂರೇಶ್ವರನ ಜಾತ್ರೆಗೆ ಮೂರು ರಾಜ್ಯಗಳಿಂದ ಭಕ್ತರು ಬರುತ್ತಾರೆ. ಅಲ್ಲಿ ಬಳೆಯಂಗಡಿಯವಳು ಗಿರಾಕಿಯ ಮುಖ ನೋಡಿ ಕನ್ನಡ, ತೆಲುಗು, ದಖ್ಖನಿಗಳಲ್ಲಿ ಬೆಲೆ ಹೇಳುವುದನ್ನು ನಾವು ಕೇಳಿದ್ದೇವೆ. ಆದರೆ ಇದನ್ನೇ ಹಿಡಿದು ಸಾಮರಸ್ಯದ ಸ್ತೋತ್ರ ಮಾಡುವುದು ಇತಿಹಾಸಕಾರನ ಕೆಲಸವಲ್ಲ. ಫ್ಲಾಂಡರ್ಸಿನ ಸಂತೆಗಳಲ್ಲಿಯೂ ಜನರು ಎರಡು ಭಾಷೆ ಆಡುತ್ತಿದ್ದರು. ಜಗಳವು ಹುಟ್ಟಿದುದು ಸಂತೆಯಲ್ಲಲ್ಲ, ಕಚೇರಿಯಲ್ಲಿ.

ಆ ಕಚೇರಿಯ ಕಾಗದಗಳ ವಿಷಯವನ್ನು ಹೇಳಿ ಲೇಖನವನ್ನು ಮುಗಿಸುತ್ತೇವೆ. ಕೆಲವು ವರ್ಷಗಳ ಹಿಂದೆ ದೇವಸುಗೂರಿನ ಕಡೆಯ ವಿದ್ಯಾರ್ಥಿಯೊಬ್ಬನು ತನ್ನ ಅಜ್ಜನ ಟ್ರಂಕಿನಲ್ಲಿದ್ದ ಜಮೀನಿನ ಕಾಗದವೊಂದನ್ನು ನಮ್ಮ ಬಳಿಗೆ ತಂದನು. ಸೋದರರ ನಡುವೆ ಹೊಲದ ಪಾಲಿನ ವ್ಯಾಜ್ಯ ನಡೆದಿತ್ತು. ಕಾಗದದಲ್ಲಿ ಏನಿದೆಯೆಂದು ಮನೆಯಲ್ಲಿ ಯಾರಿಗೂ ತಿಳಿಯದು. ನಾವು ಇತಿಹಾಸದಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದವರು, ಇದೇ ಜಿಲ್ಲೆಯ ಇತಿಹಾಸವನ್ನು ಬೋಧಿಸುವವರು, ನಮಗೂ ತಿಳಿಯಲಿಲ್ಲ. ಕಾಗದವು ಉರ್ದುವಿನಲ್ಲಿತ್ತು. ಪಹಣಿ, ಖಾತೆ, ಸೇತ್ವಾರು, ಜಮಾಬಂದಿ ಎಂಬ ಪದಗಳನ್ನು ದಿನವೂ ಆಡುವ ನಾಡಿನಲ್ಲಿ ಆ ಪದಗಳನ್ನು ಅವುಗಳ ಮೂಲಲಿಪಿಯಲ್ಲಿ ಓದಬಲ್ಲವರು ನಮ್ಮ ವಿಭಾಗದಲ್ಲಿ ಒಬ್ಬರೂ ಇರಲಿಲ್ಲ. ಒಂದು ತಲೆಮಾರಿಗೆ ಹೇರಿಕೆಯಾಗಿದ್ದ ಭಾಷೆಯು ಮೂರನೆಯ ತಲೆಮಾರಿಗೆ ಬೀಗವಾಗಿ ಪರಿಣಮಿಸಿದೆ. ನಿಜಾಮರ ಕಾಲದ ರಾಯಚೂರಿನ ಭೂಮಿ, ತೆರಿಗೆ, ನ್ಯಾಯ, ಶಾಲೆಗಳ ಮೂಲದಾಖಲೆಗಳು ಬಹುಮಟ್ಟಿಗೆ ಈ ಬೀಗದ ಒಳಗಿವೆ. ಆ ವರ್ಷದಿಂದ ವಾರಕ್ಕೆ ಎರಡು ಸಂಜೆ ನಾವೂ ನಾಲ್ಕು ಮಂದಿ ವಿದ್ಯಾರ್ಥಿಗಳೂ ನಿವೃತ್ತ ಉರ್ದು ಉಪಾಧ್ಯಾಯರೊಬ್ಬರ ಮನೆಯಲ್ಲಿ ಅಲಿಫ್, ಬೇ ಎಂದು ತಿದ್ದತೊಡಗಿದೆವು.

ಆ ಕಾಗದವನ್ನು ಮೊದಲ ಬಾರಿಗೆ ಓದಿ ಹೇಳಿದವರು ಆ ಹಿರಿಯರೇ. ಅದು ಹೊಲವನ್ನು ಇಬ್ಬರು ಅಣ್ಣತಮ್ಮಂದಿರ ಹೆಸರಿಗೆ ಸಮವಾಗಿ ದಾಖಲು ಮಾಡಿದ ಪತ್ರ. ಮೇಲಿನಿಂದ ಕೆಳಗಿನವರೆಗೆ ಗುಮಾಸ್ತನ ಓರೆಯಾದ ಉರ್ದು ಬರಹ. ಕೆಳಗಡೆ, ಮುದ್ರೆಯ ಪಕ್ಕದಲ್ಲಿ, ಒಬ್ಬ ಸೋದರನ ಹೆಬ್ಬೆಟ್ಟಿನ ಗುರುತು. ಇನ್ನೊಬ್ಬನು ಸೊಟ್ಟಸೊಟ್ಟನೆಯ ಕನ್ನಡ ಅಕ್ಷರಗಳಲ್ಲಿ ತನ್ನ ಹೆಸರನ್ನು ಬರೆದು, ಅದರ ಮುಂದೆ ಊರಿನ ಹೆಸರನ್ನೂ ಬರೆದಿದ್ದನು.